ಹಂಡೆ ಶೀನನ ಮಗಳಿಗೆ ಮಳಿಗೆ ಇಲ್ಲ

"ಯಾವ ಶೀನ? ಹಂಡೆ ಶೀನನ ಮಗಳಾ?"

ಎನ್.ಆರ್. ಪುರದ ಮಳಿಗೆ ಮಾಲೀಕರು ಕೇಳಿದ್ದು ಇಷ್ಟೇ. ಲಲಿತಾಳ ಮುಖ ಸಣ್ಣಗಾಯಿತು. ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಡಬೇಕೆಂದು ವರ್ಷಗಟ್ಟಲೆ ಕಾದವಳು. ಪರಿಚಯ ಹೇಳಲಿಕ್ಕೆ ನನ್ನನ್ನು ಕರೆತಂದಿದ್ದಳು. (ನನ್ನ ಮಾತಿಗೆ ಅಲ್ಲಿ ಕಿಮ್ಮತ್ತಿದೆ ಎಂದು ನಾವಿಬ್ಬರೂ ನಂಬಿದ್ದೆವು!)

ಶೀನ ನಮ್ಮ ಹಿರೇಕೊಡಿಗೆಯವನು. ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಬಚ್ಚಲೊಲೆ ರಿಪೇರಿಗೆಂದು ಯಾರೋ ಹೊರಗಿಟ್ಟಿದ್ದ ತಾಮ್ರದ ಹಂಡೆ ಎತ್ತಿಕೊಂಡು ಹೊರಟ. ದಾರಿಯಲ್ಲಿ ಮಳೆ. ಪುಣ್ಯಾತ್ಮ, ಹಂಡೆಯನ್ನೇ ತಲೆಗೆ ಕವುಚಿಕೊಂಡ! ಎದುರಿಗೆ ಬರುತ್ತಿದ್ದ ಹಂಡೆಯ ಯಜಮಾನರು ಕಾಣುವುದಾದರೂ ಹೇಗೆ? ನೇರ ಹೋಗಿ ಅವರಿಗೇ ಡಿಕ್ಕಿ ಹೊಡೆದ.

ಹಂಡೆ ಮನೆಗೆ ಹೋಯಿತು, ಶೀನ ಜೈಲಿಗೆ ಹೋದ. ಬಂದಮೇಲೆ ಇನ್ನೊಬ್ಬರ ಕಡ್ಡಿ ಮುಟ್ಟಲಿಲ್ಲ. ನಮಗೆಲ್ಲ ಕಾಡಿನಿಂದ ನೇರಳೆ, ಬಿಕ್ಕೆ ಹಣ್ಣು ತಂದುಕೊಡುತ್ತಿದ್ದ. ಹಂಡೆ ಹೊತ್ತ ಕತೆಯನ್ನು ತಾನೇ ಆ್ಯಕ್ಟ್ ಮಾಡಿ ತೋರಿಸುತ್ತಿದ್ದ. ನಾವು ಬಿದ್ದು ಬಿದ್ದು ನಕ್ಕರೆ ತಾನೂ ನಗುತ್ತಿದ್ದ. ಎಂಥಾ ಮನುಷ್ಯ!

ಆದರೆ ಹೆಸರಿನ ಹಿಂದಿನ ಹಂಡೆ ಹೋಗಲಿಲ್ಲ. ನಮ್ಮ ಕಡೆ ಹಾಗೇ. ಕದ್ದ ಮಾಲು ಹೆಸರಿಗೆ ಅಂಟಿದರೆ ಸತ್ತರೂ ಬಿಡುವುದಿಲ್ಲ. ಶೀನ ಸತ್ತ, ಹಂಡೆ ಮಗಳಿಗೆ ಬಂತು.

ಮಳಿಗೆ ಕೊಡಲಿಕ್ಕಾಗುವುದಿಲ್ಲ ಎಂದರು ಮಾಲೀಕರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು.

"ನಮಸ್ಕಾರ ಸೆಕ್ರೆಟರಿಯವ್ರೇ! ನಿಮಗೆ ಇಲ್ಲ ಅಂತೀನಾ? ಇವತ್ತೇ ಬಂದು ಮಳಿಗೆ ಕೀ ತಗೊಳ್ಳಿ."

ಊರಿನ ಸೊಸೈಟಿಯ ಡಿಪಾಸಿಟ್ಟನ್ನೆಲ್ಲ ನುಂಗಿ, ಬೇಲ್ ಮೇಲೆ ಓಡಾಡುತ್ತಿರುವ ಮಹಾನುಭಾವರು! ನನಗೆ ತಡೆಯಲಾಗಲಿಲ್ಲ. "ನಿಮ್ಮ ದುಡ್ಡೂ ಅದ್ರಲ್ಲೇ ಹೋಯ್ತಲ್ರೀ?" ಎಂದೆ.

"ಹೋಯ್ತು ಮಾರಾಯ್ರೆ, ಎಂತ ಮಾಡೋದು? ಆದ್ರೂ ಡೀಸೆಂಟ್ ಜನ."

ಡೀಸೆಂಟ್!

ಹಂಡೆ ಹೋದರೆ ಒಂದು ಮನೆಯ ಸ್ನಾನ ತಪ್ಪುತ್ತದೆ. ಸೊಸೈಟಿ ಮುಳುಗಿದರೆ ಎಷ್ಟು ಮನೆಯ ಮದುವೆ, ಎಷ್ಟು ಜನರ ಆಪರೇಷನ್ ನಿಲ್ಲುತ್ತದೆ? ಪೆನ್ನು ಹಿಡಿದು ಕದ್ದವರಿಗೇ ಹೆಚ್ಚು ವರ್ಷ ಜೈಲಾಗಬೇಕು ಅನ್ನುವವನು ನಾನು. ಅದು ಕೋರ್ಟಿನ ಕೆಲಸ, ಇರಲಿ. ಊರಿನ ಶಿಕ್ಷೆ ಕೊಡುವವರು ನಾವೇ ತಾನೇ?

ಕೊಪ್ಪದ ಬಸ್ಸು ಹತ್ತಿದ ಮೇಲೆ ಲಲಿತಾ ಬಾಯಿಬಿಟ್ಟಳು. "ಹಂಡೆ ಅವತ್ತೇ ವಾಪಸ್ ಸಿಕ್ಕಿತ್ತಲ್ಲ ಅಣ್ಣಾ?"



ಸೆಕ್ರೆಟರಿಯವರಿಗೂ ಒಬ್ಬಳು ಮಗಳಿದ್ದಾಳೆ. "ಸೊಸೈಟಿ ನುಂಗಿದವನ ಮಗಳಾ?" ಎಂದು ಅವಳನ್ನು ಯಾರಾದರೂ ಕೇಳಿದ್ದುಂಟೇ?