ತವರಿನವರು ಬಡಿಸಬೇಕಾದ ಮಾಂಸ

ಅಥವಾ ಆ ಸಾಸೇಜನ್ನು ಬೆಣ್ಣೆಯಲ್ಲಲ್ಲ, ಎಣ್ಣೆಯಲ್ಲೇ ಹುರಿದಳೋ ಏನೋ. ಬೆಣ್ಣೆಯ ವಾಸನೆ ಬಂದಿತ್ತೆಂದು ಈಗ ಅನ್ನಿಸುವುದು, ನಾನು ಇದನ್ನು ಹಲವರಿಗೆ ಹೇಳಿ ಹೇಳಿ ನುಣುಪು ಮಾಡಿದ್ದರಿಂದಲೂ ಇರಬಹುದು. ಐಗಳಿಯ ನಮ್ಮ ತೋಟದ ಕೋಣೆಯಲ್ಲಿ ಒಂದು ಹಂಗಾಮು ಬಾಡಿಗೆಗಿದ್ದ ಡಚ್ ಹೆಂಗಸು ಅವಳು. ಒಣದ್ರಾಕ್ಷಿ ಮಾಡುವುದನ್ನು ನೋಡಲು ಬಂದಿದ್ದಳು. ಮರಳುವ ಮುಂಚೆ ತನ್ನ ನಾಡಿನ ಸಾಸೇಜು ಉಣ್ಣಿಸುತ್ತೇನೆಂದು ನನ್ನನ್ನೂ ಅವ್ವನನ್ನೂ ಕರೆದಳು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮಾಂಸ ಮುಟ್ಟಿರಲಿಲ್ಲ. ಸೂತಕ ಕಳೆದ ನಂತರ ಅವಳ ತವರಿನವರು ಬಂದು ಮೊದಲ ತುತ್ತು ಬಡಿಸಬೇಕು; ನಮ್ಮ ಮನೆತನದ ಕಟ್ಟು ಅದು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಚಿಕ್ಕಪ್ಪ ಬಡಿಸಲು ಬಂದರೆ, "ನೀ ಈ ಮನಿಯಾಂವ. ನಿನ್ನ ಕೈಲೆ ನಡಿಯಂಗಿಲ್ಲಪಾ" ಎಂದಳು. ಡಾಕ್ಟರು ಮೊಟ್ಟೆ, ಮಟನ್ ಕೊಡಿ ಎಂದಿದ್ದರು. ಅವ್ವ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲೇ ದಿನ ನೂಕುತ್ತ ಸೊರಗುತ್ತಿದ್ದಳು.

ಅಥಣಿಯಿಂದ ಸಣ್ಣಗೆ ಕೊಚ್ಚಿದ ಖಿಮಾ, ತೊಳೆದ ಕರುಳು ತಂದುಕೊಟ್ಟೆ. ಅವರಲ್ಲಿ ಹಂದಿಮಾಂಸವಂತೆ, ಇಲ್ಲಿ ಕುರಿಯದಾಯಿತು. ಆ ಹೆಂಗಸು ಜಾಯಿಕಾಯಿ, ಕರಿಮೆಣಸು ಕಲಸಿ, ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯ ಬಾಯಿಂದ ಕರುಳಿಗೆ ತುಂಬಿದಳು. ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಒಂದಿಷ್ಟು ನೀರು ಹಾಕಿ ಮುಚ್ಚಿದಳು. ಹಿಚುಕಿದ ಆಲೂಗಡ್ಡೆಯ ನಡುವೆ ಕುಳಿ ಮಾಡಿ ಆ ರಸ ಸುರಿದಳು. ಉಳಿದದ್ದನ್ನು ಮರುದಿನ ತಣ್ಣಗೆ ಬ್ರೆಡ್ಡಿನೊಳಗಿಟ್ಟು, ಅರೆದ ಸಾಸಿವೆ ಹಚ್ಚಿ ತಿನ್ನುತ್ತಾರಂತೆ.

"ಏನವಾ ಇದು, ಹಾವು ಸುತ್ತಿ ಮಲಗಿದಂಗ ಐತಿ," ಎಂದಳು ಅವ್ವ. ನನಗೆ, "ನೀ ತಿನ್ನು. ನಾ ಸುಮ್ನ ಕುಂದರ್ತೀನಿ."

ಆ ಹೆಂಗಸಿಗೆ ನಮ್ಮ ಕಟ್ಟು ಗೊತ್ತಿರಲಿಲ್ಲ. ಒಂದು ತುಂಡು ಕೊಯ್ದು ಅವ್ವನ ತಟ್ಟೆಗೆ ಹಾಕಿ, "ಅವ್ವಾ, ಉಣ್ರಿ," ಎಂದಳು. ಕಲಿತಿದ್ದ ಕೆಲವೇ ಮಾತುಗಳಲ್ಲಿ ಅದೊಂದು. ತಡೆಯಲು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅವ್ವ ಕೇಳಿದಳು, "ಈಕಿ ಊರು ಭಾಳ ದೂರ ಏನಲೇ?"

"ಭಾಳ ದೂರಬೇ."

"ಅಷ್ಟು ದೂರದಿಂದ ಬಂದಾಳ," ಎಂದು ತುಂಡನ್ನು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. "ಖಾರನ ಇಲ್ಲಲ್ಲೋ. ಹೋಗು, ಮನ್ಯಾಗಿಂದ ಕೆಂಪ ಚಟ್ನಿ ತಗೊಂಡ ಬಾ."

ಮರುದಿನದ ಬ್ರೆಡ್ಡಿಗೆ ಏನೂ ಉಳಿಯಲಿಲ್ಲ. ಮುಂದಿನ ವಾರ ಅವ್ವ ತಾನೇ ಹೇಳಿ ಮಟನ್ ತರಿಸಿದಳು.

ಆ ಹೆಂಗಸಿಗೆ ನಾನು ಋಣಿ. ಯಾತಕ್ಕೆಂದು ಅವಳಿಗೆ ಹೇಳಲು ಆಗಲೇ ಇಲ್ಲ. ಅವ್ವ ಅವಳನ್ನು ತವರಿನವಳೆಂದು ಎಣಿಸಿದಳೋ, ಬಂದವಳ ಮನಸ್ಸು ನೋಯಬಾರದೆಂದು ತಿಂದಳೋ, ಬರೀ ಹಸಿದಿದ್ದಳೋ, ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.