ಸೊಸೆಗೆ ಗೇರಿನ ಕಾರು

ಗೆಳತಿಯರೇ, ನಾನು ಐದು ಮಕ್ಕಳನ್ನು ದಡ ಸೇರಿಸಿದವಳು. ವಿಜಯಪುರದ ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆ. ಸೊಸೆ ದಿನಾ ಬಬಲೇಶ್ವರದ ಶಾಲೆಗೆ ಪಾಠ ಹೇಳಲು ಹೋಗಿಬರಬೇಕು. ಪೆಟ್ರೋಲ್ ಉಳಿಯುತ್ತದೆಂದು ಗೇರಿನ ಸಣ್ಣ ಕಾರು ಕೇಳಿದ್ದಳು.

ಇಂದು ಶೋರೂಮಿನಲ್ಲಿ ಮಗ ತಕರಾರು ತೆಗೆದ. "ಅವ್ವಾ, ಗೇರ್ ಗಾಡಿ ಆಕಿಗೆ ನೀಗೂದಿಲ್ಲ. ನನ್ನಂಗ ಆಟೋಮ್ಯಾಟಿಕ್ ತಗೊಳ್ಳಲಿ."

ಸೊಸೆ ಮೆಲ್ಲಗೆ, "ಸಾರವಾಡದಾಗ ಅಪ್ಪನ ಟ್ರ್ಯಾಕ್ಟರ್ ಹೊಡದೀನ್ರಿ ಅತ್ತಿ" ಎಂದಳು. ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ!

"ಇಬ್ರೂ ಹೊಡದು ತೋರಸ್ರಿ" ಎಂದು ಶೋರೂಮಿನವರು ಟ್ರಯಲ್‌ಗೆ ಕೊಟ್ಟ ಗೇರ್ ಗಾಡಿಯ ಹಿಂದಿನ ಸೀಟಿನಲ್ಲಿ ಕೂತೆ. ಟಿಕೋಟಾ ರಸ್ತೆಯಲ್ಲಿ ಸೊಸೆ ಒಂದು ಕುಲುಕಾಟವೂ ಇಲ್ಲದೆ ಓಡಿಸಿದಳು. ವಾಪಸ್ಸು ಬರುವಾಗ ಮಗನ ಕೈಯಲ್ಲಿ ಗಾಡಿ ಎರಡು ಸಲ ಬಂದ್ ಬಿತ್ತು.

"ಯಾರಿಗೆ ನೀಗೂದಿಲ್ಲಪಾ?" ಎಂದೆ.

ಈಗ ಮಗ ಗೆಳೆಯರಿಗೆ ಫೋನಿನಲ್ಲಿ, ತಾನೇ ಆರಿಸಿದವನಂತೆ, ಗೇರ್ ಗಾಡಿಯ ಮೈಲೇಜಿನ ಪಾಠ ಹೇಳುತ್ತಿದ್ದಾನೆ. ಹೇಳಲಿ. ಕಾರನ್ನು ಸೊಸೆಯ ಹೆಸರಿಗೇ ಬುಕ್ ಮಾಡಿಸಿ ಬಂದಿದ್ದೇನೆ.