ಕಲೆಕ್ಟರ್ ಸಾಹೇಬನ ಪಾತ್ರ

ನಮ್ಮ ಹಿಂದಿನ ಮನೆಯಲ್ಲಿದ್ದ ಮುದಿ ನಟರ ಎಡಹುಬ್ಬನ್ನು ಎರಡಾಗಿ ಸೀಳಿ ಕೆನ್ನೆಯ ಮೂಳೆಯವರೆಗೂ ಇಳಿದ ಗಾಯದ ಗುರುತೊಂದಿತ್ತು. ಸಿನಿಮಾದವರಿಗೆ ಅದು ಬಲು ಇಷ್ಟ. ಮೇಕಪ್ ಹುಡುಗಿಯರು ಅದನ್ನು ಮುಚ್ಚುವುದು ಬಿಟ್ಟು ಇನ್ನಷ್ಟು ಎದ್ದು ಕಾಣುವಂತೆ ತೀಡುತ್ತಿದ್ದರಂತೆ. ಯುದ್ಧ ಕಂಡ ಮುಖ, ದೊರೆತನದ ಮುಖ ಎಂದು ನಿರ್ದೇಶಕರು ಮತ್ತೆ ಮತ್ತೆ ಇಂಗ್ಲಿಷ್ ಸೇನಾಧಿಕಾರಿಯ ಪಾತ್ರವನ್ನೇ ಕೊಡುತ್ತಿದ್ದರು. ಗಾಯ ಹೇಗಾಯಿತೆಂದು ಕೇಳಿದ ಒಬ್ಬೊಬ್ಬರಿಗೂ ಒಂದೊಂದು ಸುಳ್ಳು ಹೇಳಿದ್ದರು: ಕುದುರೆಯಿಂದ ಬಿದ್ದೆ, ನಾಯಿ ಕಚ್ಚಿತು, ಹೆಂಡತಿ ತಟ್ಟೆ ಎಸೆದಳು. ನಿಜ ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ, ಮಿರ್ಚಿ ಭಜಿ ತಿನ್ನುತ್ತ. ಐರ್ಲೆಂಡಿನ ಉತ್ತರದ ಒಂದು ಪಟ್ಟಣದಲ್ಲಿ, ಅವರ ತಾಯಿಯ ಕಣ್ಣೆದುರಿಗೇ, ಮನೆ ಶೋಧಿಸಲು ನುಗ್ಗಿದ ಬ್ರಿಟಿಷ್ ಸೈನಿಕನೊಬ್ಬ ಬಂದೂಕಿನ ಹಿಂಬದಿಯಿಂದ ಹೊಡೆದ ಏಟು ಅದು.

"ಅವನು ಕೊಟ್ಟ ಮುಖ ಇಟ್ಕೊಂಡು, ಅವನದೇ ವೇಷ ಹಾಕ್ಕೊಂಡು ಇಷ್ಟು ವರ್ಷ ಹೊಟ್ಟೆ ಹೊರೆದೆ" ಎಂದು ಹೇಳಿ ಇನ್ನೊಂದು ಭಜಿ ತೆಗೆದುಕೊಂಡರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆ ದನಿಯ ಉಪ್ಪುಖಾರ ಪೂರ್ತಿ ಇಳಿದಿಲ್ಲ.

ಆಕ್ಲೆಂಡಿನ ದಕ್ಷಿಣಕ್ಕೆ, ಮನುಕಾವ್‌ನಿಂದ ಸ್ವಲ್ಪ ಆಚೆ, ಒಂದೇ ಡ್ರೈವ್‌ವೇಗೆ ಬಾಗಿಲು ತೆರೆದುಕೊಂಡ ಎರಡು ಮರದ ಮನೆಗಳಿದ್ದವು. ಮುಂದಿನದು ನಮ್ಮದು, ಹಿಂದಿನದು ಅವರದು. ನಾನು ಧಾರವಾಡದವಳು. ಓದಲು ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ ಇಲ್ಲೇ ನಿಂತವಳು. 2010ರ ದಶಕದ ಆರಂಭದಲ್ಲಿ ಆ ಮನೆಗೆ ಹೋದಾಗ ಮೊದಲ ವಾರವೇ ನಮ್ಮ ಬಾಗಿಲಲ್ಲಿ ಒಂದು ಚೀಲ ಫಿಜೋವಾ ಹಣ್ಣು ಕೂತಿತ್ತು. ತಿನ್ನುವ ಕ್ರಮ ತಿಳಿಯದೆ ಸಿಪ್ಪೆಸಮೇತ ಕಚ್ಚಿ ಮುಖ ಸಿಂಡರಿಸಿದೆ. ಬಟ್ಟೆ ಒಣಹಾಕುತ್ತಿದ್ದ ಎತ್ತರದ ಮುದುಕರೊಬ್ಬರು ಆಚೆಯಿಂದಲೇ ಕೈಸನ್ನೆ ಮಾಡಿದರು: ಅಡ್ಡಕ್ಕೆ ಕೊಯ್ಯಿ, ಚಮಚದಲ್ಲಿ ತೋಡು. ಪ್ರತಿಯಾಗಿ ನಾನು ಚಹಾ ಕೊಟ್ಟೆ. ಈ ದೇಶಕ್ಕೆ ಬಂದ ಮೇಲೆ ಅಂಥ ಗಟ್ಟಿ ಚಹಾ ಕುಡಿದಿರಲಿಲ್ಲವೆಂದರು. ಅಂದಿನಿಂದ ಸಂಜೆಯ ಚಹಾಕ್ಕೆ ನಮ್ಮಲ್ಲಿಗೇ ಬರತೊಡಗಿದರು.

ಮನೆಗೆ ಬೀಗ ಹಾಕುತ್ತಿರಲಿಲ್ಲ. "ಬೀಗದ ಸದ್ದು ಬೇಕಾದಷ್ಟು ಕೇಳಿದ್ದೇನೆ" ಎನ್ನುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ, ಆ ಏಟು ಬಿದ್ದ ಕೆಲವೇ ದಿನಕ್ಕೆ, ಅವರು ಬೇಕರಿಯ ವ್ಯಾನಿನಲ್ಲಿ, ಬ್ರೆಡ್ಡಿನ ಟ್ರೇಗಳ ಕೆಳಗೆ, ಬ್ರಿಟಿಷರ ಮೇಲೆ ಬಂಡೆದ್ದವರ ಬಂದೂಕು ಸಾಗಿಸುತ್ತ ಸಿಕ್ಕಿಬಿದ್ದಿದ್ದರು. ಯೌವನ ಜೈಲಿನಲ್ಲಿ ಕಳೆಯಿತು. ಬಿಡುಗಡೆಯಾದ ಮೇಲೆ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಹಡಗಿನಲ್ಲಿ ದುಡಿದು, ಮನೆಗಳಿಗೆ ಬಣ್ಣ ಬಳಿದು, ಕೊನೆಗೆ ಈ ದೇಶ ಮುಟ್ಟಿದರು. ಇಲ್ಲಿ ಒಂದು ಸ್ಟುಡಿಯೋದ ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಆ ಮುಖ ಯಾರದೋ ಕಣ್ಣಿಗೆ ಬಿತ್ತು. ಜೊತೆಗಿದ್ದ ಹಳಬರಲ್ಲಿ ಕೆಲವರು ಅಲ್ಲಿ ಈಗ ಸೂಟು ತೊಟ್ಟು ಅಧಿಕಾರದಲ್ಲಿದ್ದಾರೆ ಎಂದು ಟೀವಿ ನೋಡುತ್ತ ಒಮ್ಮೆ ಹೇಳಿದರು. ಅದರ ಹಿಂದೆಯೇ ಹೇಳಿದ ಮಾತನ್ನು ನಾನು ಮರೆತಿಲ್ಲ:

"ಗೆದ್ದವರು ಕಲ್ಲಿನ ಪ್ರತಿಮೆ ಕಟ್ಟಿಸ್ತಾರೆ. ಸತ್ತವರ ಮೇಲೆ ಹಾಡು ಕಟ್ತಾರೆ. ಬದುಕಿ ಉಳಿದವನು ಬಾಡಿಗೆ ಕಟ್ತಾನೆ."

ದೊಡ್ಡ ನಟರಾಗುವ ಅವಕಾಶ ಅವರಿಗೆ ಒಮ್ಮೆ ಬಂದಿತ್ತು. ಇಲ್ಲಿನ ನಿರ್ದೇಶಕನೊಬ್ಬ ಅಮೆರಿಕದಲ್ಲಿ ಸಿನಿಮಾ ಮಾಡುವಾಗ ಎರಡನೆಯ ಮುಖ್ಯ ಪಾತ್ರಕ್ಕೆ ಇವರನ್ನೇ ಆರಿಸಿದ್ದ. ಹಳೆಯ ಶಿಕ್ಷೆಯ ಕಾರಣಕ್ಕೆ ವೀಸಾ ಸಿಗಲಿಲ್ಲ. ಆ ಪಾತ್ರ ಮಾಡಿದವನಿಗೆ ಬಹುಮಾನ ಬಂತು. ಇವರು ಇಲ್ಲೇ ಉಳಿದು ಬ್ಯಾಂಕಿನ ಜಾಹೀರಾತಿನಲ್ಲಿ ಅಜ್ಜನಾದರು, ಟೀವಿ ಧಾರಾವಾಹಿಯಲ್ಲಿ ನ್ಯಾಯಾಧೀಶರಾದರು, ಕಿರೀಟ ಕತ್ತಿಗಳ ಸಿನಿಮಾಗಳಲ್ಲಿ ಎರಡೇ ಮಾತಾಡಿ ಸಾಯುವ ಮುದಿ ಸೇನಾಪತಿಯಾದರು.

ನನ್ನ ಮಗಳು ಇಲ್ಲೇ ಹುಟ್ಟಿದವಳು. ನಾವು ಆ ಮನೆಗೆ ಬಂದು ಮೂರು ವರ್ಷವಾದಾಗ ಅವಳಿಗೆ ಹನ್ನೆರಡು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ನಾನೂ ಬೈದು ಬೈದು ಸುಮ್ಮನಾಗಿದ್ದೆ. ಒಂದು ಸಂಜೆ ಅವರು ಚಹಾದ ಲೋಟ ಕೆಳಗಿಟ್ಟು ಅವಳನ್ನು ಕೇಳಿದರು:

"ನಿನ್ನಮ್ಮ ಒಂದು ಭಾಷೆಯಲ್ಲಿ ಕೇಳ್ತಾಳೆ, ನೀನು ಇನ್ನೊಂದರಲ್ಲಿ ಹೇಳ್ತೀಯ. ಯಾಕೆ?"

"ಇಟ್ಸ್ ಈಸಿಯರ್."

"ನಂಗೆ ನಮ್ಮಜ್ಜಿ ಭಾಷೆ ಕಲಿಯೋಕೆ ಜೈಲಿಗೆ ಹೋಗಬೇಕಾಯ್ತು. ನಿಂಗೆ ಈ ಅಡುಗೆಮನೆ ಸಾಕು."

ಆಮೇಲೆ ಅದರ ಕಥೆ ಹೇಳಿದರು. ಜೈಲಿನಲ್ಲಿ ಐರಿಷ್ ಬಲ್ಲವನೊಬ್ಬ ತನ್ನ ಕೋಣೆಯ ಬಾಗಿಲ ಸಂದಿಗೆ ಬಾಯಿಟ್ಟು ಒಂದು ಪದ ಕೂಗುತ್ತಿದ್ದನಂತೆ. ಸಾಲಿನ ಹುಡುಗರೆಲ್ಲ ತಮ್ಮ ತಮ್ಮ ಸಂದಿಗಳಿಂದ ಅದನ್ನು ತಿರುಗಿ ಕೂಗಬೇಕು. ಗೋಡೆಯೇ ಪಾಟಿ, ಉಗುರೇ ಬಳಪ. ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ಮಕ್ಕಳಿಗೆ ಸಂಕೋಚವಿಲ್ಲ, ನಾನು ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆಯನ್ನು ಅವಳು ಕೇಳಿಯೇಬಿಟ್ಟಳು: ನೀವು ಯಾರನ್ನಾದರೂ ಕೊಂದಿದ್ದೀರಾ?

ಅವರು ಲೋಟ ಪಕ್ಕಕ್ಕೆ ಸರಿಸಿ ಅವಳತ್ತ ತಿರುಗಿದರು.

"ನಾನು ಗುಂಡು ಹೊಡೆದಿಲ್ಲ, ಮಗೂ. ಆದರೆ ನಾನು ಸಾಗಿಸಿದ ಬಂದೂಕುಗಳು ಸುಮ್ಮನೆ ಕೂತಿರಲಿಲ್ಲ."

ನಮ್ಮ ಕನ್ನಡ ಸಂಘದ ನಾಟಕದ ಸುದ್ದಿ ಬಂದದ್ದು ಅದರ ಮರುವರ್ಷ. ರಾಜ್ಯೋತ್ಸವಕ್ಕೆಂದು ಸಂಘದವರು, ನಮ್ಮ ಸೀಮೆಯಲ್ಲಿ ಬ್ರಿಟಿಷರ ಮೇಲೆ ಕತ್ತಿ ಹಿರಿದು ಗಲ್ಲಿಗೇರಿದ ಬಂಟನೊಬ್ಬನ ನಾಟಕ ಎತ್ತಿಕೊಂಡಿದ್ದರು. ನಿರ್ದೇಶಕರು ಮೈಸೂರಿನವರು, ಸಾಫ್ಟ್‌ವೇರ್ ಮ್ಯಾನೇಜರ್. ಬಂಟನ ತಾಯಿಯ ಮಾತುಗಳು ನಮ್ಮ ಕಡೆಯ ಭಾಷೆಯಲ್ಲಿದ್ದುದರಿಂದ ಆ ಪಾತ್ರ ನನಗೆ ಬಂತು. ಗಲ್ಲುಶಿಕ್ಷೆ ವಿಧಿಸುವ ಕಲೆಕ್ಟರ್ ಸಾಹೇಬನ ಪಾತ್ರಕ್ಕೆ ಒಬ್ಬ ಬಿಳಿಯ ಬೇಕಾಗಿತ್ತು. ನಾನು ಪಕ್ಕದ ಮನೆಯವರ ಹೆಸರು ಹೇಳಿದೆ. ನಿಜವಾದ ಸಿನಿಮಾ ನಟ ಎಂದು ಸಂಘದವರು ಕುಣಿದಾಡಿದರು.

ನಾನು ಕಥೆ ಹೇಳಿದಾಗ ಅವರು ಜೋರಾಗಿ ನಕ್ಕರು. "ಅಂದರೆ, ಬ್ರಿಟಿಷರ ಮೇಲೆ ಬಂಡೆದ್ದವನಿಗೆ ನಾನು ನೇಣು ಹಾಕಬೇಕು!" ಒಪ್ಪಿಕೊಂಡರು. ಒಂದೇ ಷರತ್ತು: ಮಾತುಗಳನ್ನು ಮಗಳೇ ಕಲಿಸಬೇಕು.

ಅಲ್ಲಿಂದ ನಮ್ಮ ಮನೆ ಶಾಲೆಯಾಯಿತು. ಅವರು ತಪ್ಪಿದರೆ ಮಗಳು ತಿದ್ದಬೇಕು, ತಿದ್ದಲು ತಾನು ಸರಿಯಾಗಿ ನುಡಿಯಬೇಕು. ಗೊತ್ತಿಲ್ಲದ್ದನ್ನು ನನ್ನ ಹತ್ತಿರ ಓಡಿಬಂದು ಕೇಳುತ್ತಿದ್ದಳು. ಗಲ್ಲಿನ ಲಕಾರಕ್ಕೂ ಹಳ್ಳದ ಳಕಾರಕ್ಕೂ ಅವರು ನಾಲಿಗೆ ತಿರುಗಿಸುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. 'ರೀ' ಅವರಿಗೆ ಬಹಳ ಹಿಡಿಸಿತು. ಚಹಾ ಕೊಡ್ರಿ, ಬರ್ತೇನ್ರಿ, ಥ್ಯಾಂಕ್ಯೂರೀ. ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಮಗಳು ಡ್ರೈವ್‌ವೇಯ ಈ ತುದಿಯಿಂದ "ಊಟ ಆತೇನ್ರಿ?" ಎಂದು ಕೂಗಿದರೆ ಆ ತುದಿಯಿಂದ "ಆತ್ರಿ, ನಿಮ್ದು?" ಎಂದು ಬರುತ್ತಿತ್ತು.

ತಾಲೀಮು ನಡೆದದ್ದು ಶಾಲೆಯೊಂದರ ಸಭಾಂಗಣದಲ್ಲಿ. ಅಲ್ಲಿ ಅವರ ಸ್ಪಷ್ಟ ಉಚ್ಚಾರ ಕೇಳಿ ನಿರ್ದೇಶಕರಿಗೆ ನಿರಾಸೆಯಾಯಿತು.

"ಸರ್, ಸ್ವಲ್ಪ ತಪ್ಪು ತಪ್ಪಾಗಿ ಹೇಳ್ಬೇಕು. ಟುಂಬಾ ಡೊಡ್ಡ ಟಪ್ಪು ಮಾಡಿಡೀಯಾ, ಅಂತ. ಸಾಹೇಬ ಬಂದ್ರೆ ಜನ ನಗ್ಬೇಕು" ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

ನಮ್ಮ ನೆರೆಯವರು ವಿನಯದಿಂದಲೇ ಹೇಳಿದರು. "ನಮ್ಮಜ್ಜಿ ಮಾತಾಡಿದ್ರೆ ಪೇಟೆಯವರು ನಗ್ತಿದ್ರು. ನಿಮ್ಮ ಭಾಷೆ ಇಟ್ಕೊಂಡು ನಾನು ಯಾರನ್ನೂ ನಗಿಸೋದಿಲ್ಲ." ಬಂಟನ ಪಾತ್ರದ ಹುಡುಗ ಮೀಸೆ ತಿರುವುತ್ತ ಗಲ್ಲಿನ ಮುಂದೆ ಉದ್ದ ಭಾಷಣ ಮಾಡಿದಾಗಲೂ ಸುಮ್ಮನಿರಲಿಲ್ಲ. "ಸಾಯೋಕೆ ಹೊರಟವನ ಬಾಯಿ ಒಣಗಿರುತ್ತೆ. ಇಷ್ಟು ಮಾತು ಬರೋಲ್ಲ, ಕಂದ." ಹುಡುಗ ನಿರ್ದೇಶಕರ ಮುಖ ನೋಡಿದ. ಭಾಷಣ ಹಾಗೆಯೇ ಉಳಿಯಿತು.

ನಾಟಕಕ್ಕೆ ವಾರವಿರುವಾಗ 'ಹಾಲಿವುಡ್ ನಟ ನಮ್ಮ ರಂಗದ ಮೇಲೆ' ಎಂದು ಫೇಸ್‌ಬುಕ್ಕಿನಲ್ಲಿ ಪೋಸ್ಟರ್ ಹಾಕಿದರು. ಅದರ ಕೆಳಗೆ ಯಾರೋ ಬಂದೂಕು ಸಾಗಣೆಯ ಬಂಧನದ ಹಳೆಯ ಪತ್ರಿಕೆಯ ಸುದ್ದಿಯೊಂದನ್ನು ಅಂಟಿಸಿದರು. ಅದರಲ್ಲಿ ಹುಡುಗನೊಬ್ಬನ ಫೋಟೋ, ಹುಬ್ಬಿನ ಮೇಲೆ ಹಸಿ ಹೊಲಿಗೆ. ಮರುದಿನವೇ ನಿರ್ದೇಶಕರು ನಮ್ಮ ಮನೆಗೆ ಬಂದು ಸೋಫಾದ ಅಂಚಿನಲ್ಲಿ ಕೂತರು.

"ತಪ್ಪು ತಿಳ್ಕೋಬೇಡಿ ಮೇಡಮ್. ಹಾಲ್ ಕೌನ್ಸಿಲ್‌ದು. ಎಂಪಿ ಚೀಫ್ ಗೆಸ್ಟ್ ಆಗಿ ಬರ್ತಿದಾರೆ. ನಮ್ಮಲ್ಲಿ ಅರ್ಧ ಜನರದ್ದು ರೆಸಿಡೆನ್ಸಿ ಇನ್ನೂ ಆಗಿಲ್ಲ. ಟೆರರಿಸ್ಟ್ ಪಕ್ಕ ನಿಂತಿರೋ ಫೋಟೋ ಹೊರಗೆ ಹೋದ್ರೆ ಏನ್ಮಾಡೋದು?"

ನನಗೆ ಮೈ ಉರಿಯಿತು. "ನಿಮ್ಮ ನಾಟಕದ ನಾಯಕ ಏನ್ ಮಾಡ್ಯಾನ್ರೀ? ಖಜಾನಿ ಲೂಟಿ ಹೊಡದಾನ, ಕಚೇರಿ ಸುಟ್ಟಾನ, ಸಾಹೇಬರನ್ನ ಕಡದಾನ. ಅವನೇನ್ ಅರ್ಜಿ ಬರಕೋತ ಕುಂತಿದ್ನೇನು?"

"ಅದು ಹಿಸ್ಟರಿ ಮೇಡಮ್. ಆಗ್ಲೇ ಇನ್ನೂರು ವರ್ಷ ಆಗ್ತಾ ಬಂತು."

"ಹಂಗಿದ್ರ ಇನ್ನೂ ನೂರೈವತ್ತು ವರ್ಷ ತಡೀರಿ, ಆಮ್ಯಾಲೆ ಪಾತ್ರ ಕೊಡ್ತಾರ ಅಂತ ಅವರಿಗೆ ಹೇಳ್ಲೇನು?"

ಅವರು ಎದ್ದು ನಿಂತರು. ಅವರ ಹೆದರಿಕೆ ಸುಳ್ಳಾಗಿರಲಿಲ್ಲ ಎಂಬುದು ನನಗೂ ಗೊತ್ತು. ಆದರೆ ಆ ಹೆದರಿಕೆ ಇಟ್ಟುಕೊಂಡು ಅಂಥವನ ನಾಟಕ ಆಡಲು ಹೊರಟಿದ್ದರಲ್ಲ, ಅದು ನನ್ನ ಗಂಟಲಿನಿಂದ ಇಳಿಯಲಿಲ್ಲ. ತಾಯಿಯ ಪಾತ್ರಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಾಗಿಲು ತೆರೆದೆ.

ಸುದ್ದಿ ಮುಟ್ಟಿಸಲು ಹಿಂದಿನ ಮನೆಗೆ ಹೋದೆ. ಅವರು ಟೊಮ್ಯಾಟೊ ಸಸಿಗಳಿಗೆ ಕೋಲು ಕಟ್ಟುತ್ತಿದ್ದರು. ನನ್ನ ಮುಖ ನೋಡಿಯೇ ಕೇಳಿದರು.

"ಕಾರಣ ಯಾವುದು? ಸರ್ಕಾರವಾ, ವೀಸಾವಾ?"

"ಎರಡೂ."

"ಎಲ್ಲ ಊರಲ್ಲೂ ಅವೆರಡೇ" ಎಂದು ನಕ್ಕರು. ನಾನು ಪಾತ್ರ ಬಿಟ್ಟದ್ದಕ್ಕೆ ಬೈದರು. ಕೊನೆಗೆ ಕಲೆಕ್ಟರನ ಪಾತ್ರ ಯಾರಿಗೆ ಹೋಯಿತೆಂದು ಕೇಳಿದರು. ನಿರ್ದೇಶಕರ ಆಫೀಸಿನ ಬಾಸ್, ಲಂಡನ್ನಿನಿಂದ ಬಂದ ಇಂಗ್ಲಿಷರವನು ಎಂದೆ. ಆಗ ಅವರ ನಗು ನಿಂತುಹೋಯಿತು. ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಪಾತ್ರಕ್ಕೆ ತಕ್ಕವನೇ ಸಿಕ್ಕಿದ" ಎಂದು ಒಳಗೆ ಹೋದರು.

ನಾಟಕ ಭರ್ಜರಿಯಾಗಿ ಆಯಿತೆಂದು ಕೇಳಿದೆ. ಸಾಹೇಬನ 'ಟಪ್ಪು ಟಪ್ಪು' ಕನ್ನಡಕ್ಕೆ ಜನ ಸಾಕಷ್ಟು ನಕ್ಕರಂತೆ.

ಆ ವಾರದ ಕೊನೆಗೆ ಮಗಳು ಎಂದಿನಂತೆ ಡ್ರೈವ್‌ವೇಯಲ್ಲಿ ನಿಂತು "ಊಟ ಆತೇನ್ರಿ?" ಎಂದು ಕೂಗಿದಳು. ಅವರು ಕೈಯೆತ್ತಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಅವಳು ಮತ್ತೆ ಕನ್ನಡದಲ್ಲಿ ಕೇಳಿದಳು, ಮತ್ತೆ ಇಂಗ್ಲಿಷ್. ಒಳಗೆ ಬಂದವಳು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ಆಮೇಲೆ ಅವರು ಚಹಾಕ್ಕೆ ಬರುತ್ತಿದ್ದರು, ಸಿನಿಮಾದ ತಮಾಷೆ ಹೇಳುತ್ತಿದ್ದರು. ಆದರೆ ಕನ್ನಡದ ಒಂದು ಪದವೂ ಅವರ ಬಾಯಿಂದ ಹೊರಡಲಿಲ್ಲ, 'ರೀ' ಕೂಡ. ಮಗಳು ಹಟ ಬಿಡಲಿಲ್ಲ. ಅವರೊಡನೆ ಕನ್ನಡದಲ್ಲೇ ಮಾತಾಡಿದಳು, ಅವರ ಹಟಕ್ಕೆ ನಮ್ಮೊಡನೆಯೂ ಕನ್ನಡದಲ್ಲೇ ಮಾತಾಡಿದಳು. ವರ್ಷಗಟ್ಟಲೆ ಹಾಗೆಯೇ ನಡೆಯಿತು: ಅವಳು ಕನ್ನಡದಲ್ಲಿ ಕೇಳುವುದು, ಅವರು ಇಂಗ್ಲಿಷಿನಲ್ಲಿ ಹೇಳುವುದು.

ದಶಕದ ಕೊನೆಯ ಹೊತ್ತಿಗೆ ಅವರ ಶ್ವಾಸಕೋಶ ಸೋತಿತು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಇಂಗ್ಲಿಷೂ ಬಿಟ್ಟುಹೋಯಿತು. ಜೈಲಿನಲ್ಲಿ ಕಲಿತ ಭಾಷೆಯಲ್ಲಿ ಏನೇನೋ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು. ನರ್ಸುಗಳು ಬಡಬಡಿಕೆಯೆಂದುಕೊಂಡರು. ಮಗಳು ಶಾಲೆ ಮುಗಿಸಿ ಬಂದು ಪಕ್ಕದಲ್ಲಿ ಕೂತು, ಅವರು ನಿಲ್ಲಿಸಿದಾಗಲೆಲ್ಲ "ಹೌದ್ರಿ" ಎನ್ನುತ್ತಿದ್ದಳು. ಅಷ್ಟಕ್ಕೇ ಅವರು ಸಮಾಧಾನದಿಂದ ಮುಂದುವರಿಸುತ್ತಿದ್ದರು. ಒಂದು ಮಧ್ಯಾಹ್ನ ಮುಂದುವರಿಸಲಿಲ್ಲ. ಅಂತ್ಯಕ್ರಿಯೆಗೆ ನಾವು ಮೂವರು, ಬೀದಿ ಮೂಲೆಯ ಕಿರಾಣಿ ಅಂಗಡಿಯವನು, ಸ್ಟುಡಿಯೋದಿಂದ ಒಬ್ಬ ಮೇಕಪ್ ಹುಡುಗಿ. ಐರ್ಲೆಂಡಿನಲ್ಲಿದ್ದ ಅವರ ತಂಗಿ ಹೂವು ಕಳಿಸಿದ್ದರು.

ಆ ವರ್ಷದ ರಾಜ್ಯೋತ್ಸವಕ್ಕೆ ನನ್ನ ಗಂಡನ ಒತ್ತಾಯಕ್ಕೆ ಹೋದೆವು. ದೀಪ ಹಚ್ಚಿದ ಮೇಲೆ ಪರದೆಯ ಮೇಲೆ ಅವರ ದೊಡ್ಡ ಫೋಟೋ ಮೂಡಿತು. ಈಗ ಸಂಘದ ಅಧ್ಯಕ್ಷರಾಗಿದ್ದ ಅದೇ ನಿರ್ದೇಶಕರು ಮೈಕಿನ ಮುಂದೆ ದನಿ ಭಾರ ಮಾಡಿಕೊಂಡು "ನಮ್ಮ ಸಂಘದ ಆತ್ಮೀಯ ಗೆಳೆಯರು, ಕನ್ನಡ ಕಲಿತ ಹಾಲಿವುಡ್ ನಟರು" ಎಂದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಮೌನ ಮುಗಿದು ಎಲ್ಲರೂ ಕೂತರು. ನನ್ನ ಮಗಳು ಕೂರಲಿಲ್ಲ.

"ಅವರು ನಿಮ್ಮ ಗೆಳೆಯಾ ಅಲ್ರಿ" ಎಂದಳು. ಹಾಲಿನ ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು. "ಅವರನ್ನ ನೀವ ಹೊರಗ ಹಾಕಿದ್ರಿ. ಅವರು ನಿಮ್ಮ ಭಾಷಾ ಅಷ್ಟು ಚಂದ ಕಲತಿದ್ರು, ನೀವು ತಪ್ಪ ಮಾತಾಡ್ರಿ ಅಂದ್ರಿ. ಆಮ್ಯಾಲೆ ಅವರು ಒಂದ ಮಾತೂ ಕನ್ನಡ ಆಡಲಿಲ್ಲ. ಈಗ ಫೋಟೋ ಯಾಕ ಹಾಕೀರಿ?"

ಅಧ್ಯಕ್ಷರು ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡು, ಮುಖದ ತುಂಬ ನಗು ತಂದುಕೊಂಡರು.

"ನೋಡಿ, ನೋಡಿ! ಇಲ್ಲೇ ಹುಟ್ಟಿ ಬೆಳೆದ ಮಗು. ಎಷ್ಟು ಸ್ವಚ್ಛವಾದ ಕನ್ನಡ! ಒಂದು ಜೋರು ಚಪ್ಪಾಳೆ ಬರಲಿ."

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಆಂಟಿಯೊಬ್ಬರು ಹಿಂದೆ ತಿರುಗಿ ನನ್ನ ಕೈ ಹಿಡಿದು, ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ ಎಂದರು. ಆ ಕನ್ನಡ ಅವಳಿಗೆ ಯಾರಿಂದ ಬಂತೆಂದು ಕೇಳಲಿಲ್ಲ.